ಮೂರು ನಿಮಿಷದ ನಕಮುರ

ಹಿಕಾರು ನಕಮುರ ಅವರ ನೇರಪ್ರಸಾರವನ್ನು ಮೊದಲ ಸಲ ತೆರೆದವರಿಗೆ ಆಗುವುದು ಗಾಬರಿ. ಪರದೆಯ ನಡುವೆ ಚೆಸ್ ಬೋರ್ಡು, ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ಮನುಷ್ಯ, ಪಕ್ಕದಲ್ಲಿ ಓದುವಷ್ಟರಲ್ಲೇ ಮೇಲಕ್ಕೆ ಸರಿದು ಮಾಯವಾಗುವ ನೋಡುಗರ ಮಾತುಗಳು. ಆ ಮನುಷ್ಯನ ಬಾಯಿಗೆ ಬಿಡುವಿಲ್ಲ. ಹೊಡೆದ, ಹೊಡೆದೆ, ಹೊಡೆದ, ಆಮೇಲೆ ಇಲ್ಲಿ, ಇಲ್ಲಿ, ಇಲ್ಲಿ, ಸರಿ, ಇದು ಗೆದ್ದ ಆಟ ಎನ್ನುವ ಧಾಟಿಯಲ್ಲಿ ಒಂದೇ ಉಸಿರಿಗೆ ಹೇಳುತ್ತ ಬೋರ್ಡಿನ ಮೇಲೆ ಬಣ್ಣದ ಬಾಣ ಎಳೆಯುತ್ತಾರೆ, ಅಳಿಸುತ್ತಾರೆ. ಇದ್ದಕ್ಕಿದ್ದಂತೆ ಬೋರ್ಡಿನಿಂದ ಕಣ್ಣು ಕಿತ್ತು ಸೂರು ನೋಡುತ್ತಾರೆ. ಎರಡು ಸೆಕೆಂಡು, ಒಂದು ನಡೆ, ಎದುರಾಳಿ ಸೋಲೊಪ್ಪಿಕೊಂಡಾಯಿತು. ಇವರು ಬಿಳಿಯೋ ಕಪ್ಪೋ ಎಂದು ನೀವು ಗೊತ್ತುಮಾಡಿಕೊಳ್ಳುವ ಹೊತ್ತಿಗೆ ಮುಂದಿನ ಆಟ ಶುರುವಾಗಿರುತ್ತದೆ.

ಕಾಯಿ ನಡೆಸಲು ಬರುತ್ತದೆ, ಆದರೆ ಇದನ್ನು ನೋಡಿದರೆ ತಲೆಬುಡ ತಿಳಿಯುವುದಿಲ್ಲ ಎನ್ನುವವರಿಗಾಗಿ ಈ ಬರಹ. ಮಕ್ಕಳಿಗೆ ಚೆಸ್ ಹೇಳಿಕೊಡುವವರೆಲ್ಲ ಈಗ ಈ ಮಾತು ಕೇಳುತ್ತಿದ್ದಾರೆ. ಮಕ್ಕಳು ಪುಸ್ತಕಕ್ಕಿಂತ ಮೊದಲು ನಕಮುರ ಅವರನ್ನು ನೋಡಿಬಿಟ್ಟಿರುತ್ತಾರೆ.

ಮೊದಲು ಆಸಾಮಿ ಯಾರು ಎನ್ನುವುದು. ಹುಟ್ಟಿದ್ದು 1987ರಲ್ಲಿ, ಜಪಾನಿನ ಒಸಾಕಾ ಪ್ರಾಂತ್ಯದ ಹಿರಕಾತಾದಲ್ಲಿ. ತಂದೆ ಜಪಾನಿ, ತಾಯಿ ಅಮೆರಿಕದವರು. ಎರಡು ವರ್ಷದ ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದರು. ಚೆಸ್ ಕಲಿಸಿದ್ದು ಮಲತಂದೆ ಸುನಿಲ್ ವೀರಮಂತ್ರಿ, ಶ್ರೀಲಂಕಾ ಮೂಲದ ಹೆಸರಾಂತ ತರಬೇತುದಾರ. 2003ರಲ್ಲಿ, 15ನೇ ವಯಸ್ಸಿಗೆ ಗ್ರಾಂಡ್‌ಮಾಸ್ಟರ್ ಆಗಿ, ಬಾಬಿ ಫಿಷರ್ ಹೆಸರಿನಲ್ಲಿದ್ದ ಅಮೆರಿಕದ ದಾಖಲೆ ಮುರಿದರು. ಅಮೆರಿಕದ ಚಾಂಪಿಯನ್ ಪಟ್ಟ ಐದು ಸಲ ಸಿಕ್ಕಿದೆ. 2015ರ ಅಕ್ಟೋಬರಿನಲ್ಲಿ ರೇಟಿಂಗ್ 2816 ಮುಟ್ಟಿತ್ತು. ಇಷ್ಟನ್ನು ಹೇಳಿದ್ದು ಯಾಕೆಂದರೆ, ಯೂಟ್ಯೂಬಿನಲ್ಲಿ ಹರಟುವವರು ಎಂದಷ್ಟೇ ತಿಳಿದು ನೋಡಿದರೆ ಅವರ ಆಟದ ಬೇರು ಕಾಣುವುದಿಲ್ಲ.

ಈಗ ಗಡಿಯಾರಕ್ಕೆ ಬರೋಣ. ಆನ್‌ಲೈನ್ ಚೆಸ್ಸಿನಲ್ಲಿ ಬೋರ್ಡಿಗಿಂತ ಮೊದಲು ನೋಡಬೇಕಾದ್ದು ಅದನ್ನು. ಟೂರ್ನಿಗಳ ಕ್ಲಾಸಿಕಲ್ ಆಟ ನಾಲ್ಕೈದು ಗಂಟೆ ನಡೆಯುತ್ತದೆ. ನಕಮುರ ಪರದೆಯಲ್ಲಿ ಹೆಚ್ಚಾಗಿ ಆಡುವುದು ಬ್ಲಿಟ್ಜ್ ಮತ್ತು ಬುಲೆಟ್. ಬ್ಲಿಟ್ಜ್ ಎಂದರೆ ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರು ಅಥವಾ ಐದು ನಿಮಿಷ, ಬುಲೆಟ್ ಎಂದರೆ ಒಂದೇ ನಿಮಿಷ. ಚೆಸ್ ಡಾಟ್ ಕಾಮ್ ಬಿರುದು ಪಡೆದ ಆಟಗಾರರಿಗಾಗಿ ನಡೆಸುವ ‘ಟೈಟಲ್ಡ್ ಟ್ಯೂಸ್ಡೇ’ ಟೂರ್ನಿಯಲ್ಲಿ 11 ಸುತ್ತು. ಒಬ್ಬರಿಗೆ ಮೂರು ನಿಮಿಷ, ಜೊತೆಗೆ ಪ್ರತಿ ನಡೆಗೆ ಒಂದು ಸೆಕೆಂಡು ಕೊಸರು. ಅದನ್ನು ನಕಮುರ ಎಷ್ಟೋ ಸಲ ಗೆದ್ದಿದ್ದಾರೆ. ಸಮಯ ಮುಗಿದರೆ ರಾಣಿ, ಎರಡು ಆನೆ ಇಟ್ಟುಕೊಂಡವರೂ ಸೋತಂತೆಯೇ. ಆದ್ದರಿಂದ ಸೆಕೆಂಡೂ ಒಂದು ಕಾಯಿ ಎಂದೇ ಲೆಕ್ಕ.

ಹೊಸಬರ ಕಣ್ಣು ತಪ್ಪಿಸುವ ಇನ್ನೊಂದು ಸಂಗತಿ ಪ್ರೀಮೂವ್. ಎದುರಾಳಿ ಇನ್ನೂ ಯೋಚಿಸುತ್ತಿರುವಾಗಲೇ ನಿಮ್ಮ ಮುಂದಿನ ನಡೆಯನ್ನು ಮೌಸಿನಿಂದ ಹಾಕಿಟ್ಟುಬಿಡಬಹುದು. ಅವರು ನಡೆಸಿದ ಕ್ಷಣವೇ ನಿಮ್ಮದು ತಾನಾಗಿ ನಡೆಯುತ್ತದೆ. ಚೆಸ್ ಡಾಟ್ ಕಾಮ್‌ನಲ್ಲಿ ಇದಕ್ಕೆ ತಗಲುವುದು 0.1 ಸೆಕೆಂಡು. ಹಾಗಾಗಿಯೇ ಗಡಿಯಾರದಲ್ಲಿ ಎರಡು ಸೆಕೆಂಡು ಉಳಿದಿದ್ದರೂ ಅವರು ಹತ್ತಿಪ್ಪತ್ತು ನಡೆ ದಾಟಿಬಿಡುವುದು. ಇದು ಬರೀ ಕೈಚಳಕ ಎಂದುಕೊಳ್ಳಬೇಡಿ. ಎದುರಾಳಿ ಏನು ನಡೆಸಿದರೂ ತನ್ನ ಕಾಯಿ ಪುಕ್ಕಟೆ ಹೋಗದಂಥ ನಡೆಯನ್ನೇ ಮುಂಗಡ ಹಾಕಬೇಕು. ಆನೆಯನ್ನು ಎಲ್ಲಿಟ್ಟರೆ ಯಾರೂ ಮುಟ್ಟಲಾರರು ಎನ್ನುವುದು ನೋಡದೆಯೇ ತಿಳಿದಿರಬೇಕು. ಏಳು ಎಂಟಲ ಐವತ್ತಾರು ಎಂದು ಮಗ್ಗಿ ಬಂದವರು ಲೆಕ್ಕ ಹಾಕದೆ ಹೇಳುವಂತೆ, ಇವರಿಗೆ ಸಾವಿರಾರು ಕಾಯಿಜೋಡಣೆಗಳು ಬಾಯಿಪಾಠ.

ಹಾಗಾದರೆ ಶೈಲಿ? ನಾನು ತಿಳಿದ ಮಟ್ಟಿಗೆ ಒಂದೇ ಸಾಲಿನ ಉತ್ತರ: ಅತ್ಯುತ್ತಮ ನಡೆಯನ್ನು ಹುಡುಕುತ್ತ ಕೂರದೆ, ಸಾಕಷ್ಟು ಒಳ್ಳೆಯ ನಡೆಯನ್ನು ಬೇಗ ಆಡುವುದು, ಎದುರಾಳಿಗೆ ಮಾತ್ರ ಪ್ರತಿ ಸಲವೂ ಯೋಚಿಸುವ ಕೆಲಸ ಹಚ್ಚುವುದು. ಅವರ ಮಾತಿನ ರೀತಿಯೂ ಇದೇ ಎಂಬುದನ್ನು ಆಮೇಲೆ ನೋಡೋಣ.

ಬಿಳಿ ಕಾಯಿ ಬಂದಾಗ ಅವರು ಬ್ಲಿಟ್ಜ್‌ನಲ್ಲಿ ಎಷ್ಟೋ ಸಲ ಆಡುವ ಮೊದಲ ನಡೆ ಬಿ3. ಬಿ ಸಾಲಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟು, ಪಕ್ಕದ ಒಂಟೆಯನ್ನು ಬಿ2ಕ್ಕೆ ತಂದು ಕೂರಿಸುವುದು. ಅಲ್ಲಿಂದ ಆ ಒಂಟೆ ಇಡೀ ಬೋರ್ಡಿನ ಓರೆ ಸಾಲನ್ನು ಕಾಯುತ್ತದೆ. ಇದರಿಂದ ಬಿಳಿಗೆ ದೊಡ್ಡ ಲಾಭವೇನೂ ಇಲ್ಲ, ಕಂಪ್ಯೂಟರ್ ಕೇಳಿದರೆ ಸಮಸಮ ಎನ್ನುತ್ತದೆ. ಆದರೆ ಎದುರಾಳಿ ಇಪ್ಪತ್ತು ನಡೆ ಉರು ಹೊಡೆದುಕೊಂಡು ಬಂದ ತಯಾರಿ ಎರಡನೇ ನಡೆಗೇ ಕೆಲಸಕ್ಕೆ ಬಾರದಾಯಿತು. ಇಬ್ಬರೂ ಸ್ವಂತ ಬುದ್ಧಿಯಿಂದ ಆಡಬೇಕು. ಸ್ವಂತ ಬುದ್ಧಿಯಿಂದ, ಮೂರು ನಿಮಿಷದಲ್ಲಿ, ನಕಮುರ ಜೊತೆ ಆಡುವುದೆಂದರೆ ಬಹಳ ಜನಕ್ಕೆ ಅಲ್ಲಿಗೆ ಕಥೆ ಮುಗಿದಂತೆ. ಆಟ ಕೆಟ್ಟಾಗ ಅವರು ಇನ್ನೂ ಅಪಾಯಕಾರಿ. ಒಂದು ಕಾಲಾಳು ಕಳೆದುಕೊಂಡರೂ ಸುಮ್ಮನೆ ಕೊರಗುತ್ತ ಕೂರುವುದಿಲ್ಲ. ಕುದುರೆಯನ್ನೋ ಒಂಟೆಯನ್ನೋ ಎದುರಾಳಿಗೆ ಕಿರಿಕಿರಿಯಾಗುವ ಮನೆಗೆ ತಂದು ನಿಲ್ಲಿಸುತ್ತಾರೆ. ಗೆಲ್ಲುವ ದಾರಿ ಇದೆ, ಆದರೆ ಅದನ್ನು ಹುಡುಕಲು ಇಪ್ಪತ್ತು ಸೆಕೆಂಡು ಬೇಕು, ಎದುರಾಳಿಯ ಬಳಿ ಹತ್ತೇ ಇದೆ.

ಈ ಬುದ್ಧಿ ನೇರಪ್ರಸಾರದ ಕಾಲಕ್ಕೆ ಹುಟ್ಟಿದ್ದಲ್ಲ. ಬಹಳ ಹಿಂದೆ ಇಂಟರ್ನೆಟ್ ಚೆಸ್ ಕ್ಲಬ್ಬಿನಲ್ಲಿ ‘ಸ್ಮಾಲ್‌ವಿಲ್’ ಎಂಬ ಹೆಸರಿಟ್ಟುಕೊಂಡು ರಾತ್ರಿಯೆಲ್ಲ ಆಡುತ್ತಿದ್ದ ಹುಡುಗ ಇವರೇ. 2009ರಲ್ಲಿ ಬ್ರೂಸ್ ಹಾರ್ಪರ್ ಜೊತೆ ಸೇರಿ ಬುಲೆಟ್ ಆಟದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದಕ್ಕೂ ಒಂದು ವರ್ಷ ಮೊದಲು ಆಗಿನ ಬಲಾಢ್ಯ ಕಂಪ್ಯೂಟರ್ ಪ್ರೋಗ್ರಾಂ ರಿಬ್ಕಾ ಜೊತೆ ಆಡಿದ ಮೂರು ನಿಮಿಷದ ಆಟವೊಂದಿದೆ. ಹೊಸಬರು ಅದನ್ನು ನೋಡಲೇಬೇಕು. ಕಪ್ಪು ಕಾಯಿಯ ನಕಮುರ ಮೊದಲು ಕಾಲಾಳುಗಳನ್ನು ಒಂದಕ್ಕೊಂದು ಹೆಣೆದು ಬೋರ್ಡನ್ನು ಬಂದ್ ಮಾಡಿದರು, ಯಾರಿಗೂ ನುಗ್ಗಲು ಸಂದಿಲ್ಲ. ಬೇಕೆಂದೇ ಆನೆಗಳನ್ನು ಕೊಟ್ಟು ಚಿಕ್ಕ ಕಾಯಿ ತೆಗೆದುಕೊಂಡರು. ಆಮೇಲೆ ಕಾಯಿಗಳನ್ನು ಹಿಂದೆ ಮುಂದೆ ಆಡಿಸುತ್ತ ಕಾಲ ಕಳೆದರು. ಚೆಸ್ಸಿನಲ್ಲಿ ಒಂದು ನಿಯಮವಿದೆ: 50 ನಡೆಗಳ ಕಾಲ ಯಾವ ಕಾಯಿಯೂ ಹೊಡೆಯಲ್ಪಡದೆ, ಯಾವ ಕಾಲಾಳೂ ಕದಲದೆ ಇದ್ದರೆ ಆಟ ಡ್ರಾ. ಕಾಯಿಗಳ ಬೆಲೆ ಕೂಡಿಸಿ ನೋಡಿದ ರಿಬ್ಕಾಕ್ಕೆ ತಾನೇ ಗೆಲ್ಲುತ್ತಿದ್ದೇನೆಂಬ ಭ್ರಮೆ. ಗೆಲ್ಲುವ ಆಟ ಡ್ರಾ ಆಗಬಾರದೆಂದು ಅದು ತನ್ನದೇ ಕೋಟೆಯ ಕಾಲಾಳನ್ನು ಮುಂದೆ ತಳ್ಳಿತು. ನಕಮುರ ಕಾಯುತ್ತಿದ್ದುದು ಆ ಬಿರುಕಿಗೆ. ಆಟ 270 ನಡೆ ದಾಟಿತು. ಕೊನೆಗೆ ಕಾಲಾಳುಗಳನ್ನು ಕೊನೆಯ ಮನೆ ಮುಟ್ಟಿಸಿ, ರಾಣಿಯಾಗಿಸುವುದು ಬಿಟ್ಟು ಬೇಕೆಂದೇ ಒಂಟೆಗಳಾಗಿಸಿ ಗೆದ್ದರು. ಇದು ಸಭ್ಯ ನಡತೆಯೇ ಎಂದು ಕೇಳಿದರೆ, ಅಲ್ಲ. ಆದರೆ ಎದುರಿಗಿದ್ದದ್ದು ಯಂತ್ರ, ಅದಕ್ಕೆ ಬೇಜಾರಾಗುವುದಿಲ್ಲ.

ನಮ್ಮವರ ಮೇಲೂ ಪ್ರಯೋಗ ನಡೆದಿದೆ. ಇ4, ಇ5, ಆಮೇಲೆ ರಾಣಿ ಎಚ್5ಕ್ಕೆ: ನಾಲ್ಕು ನಡೆಯಲ್ಲಿ ಚೆಕ್‌ಮೇಟ್ ಮಾಡುತ್ತೇನೆಂದು ಶಾಲೆಯ ಮಕ್ಕಳು ಆಡುವ ನಡೆ. 2005ರಲ್ಲಿ ಸಿಗೆಮನ್ ಟೂರ್ನಿಯ ಗಂಭೀರ ಕ್ಲಾಸಿಕಲ್ ಆಟದಲ್ಲಿ ನಕಮುರ ಇದನ್ನು ಚೆನ್ನೈನ ಗ್ರಾಂಡ್‌ಮಾಸ್ಟರ್ ಕೃಷ್ಣನ್ ಶಶಿಕಿರಣ್ ವಿರುದ್ಧ ಆಡಿದರು. ಶಶಿಕಿರಣ್ ಗೆದ್ದರು. ಮಕ್ಕಳಿಗೆ ನಾನು ಹೇಳುವಾಗ ಈ ಕೊನೆಯ ವಾಕ್ಯವನ್ನು ಎರಡು ಸಲ ಹೇಳುತ್ತೇನೆ.

ಇನ್ನು ಪರದೆಯ ಮೇಲಿನ ವ್ಯಕ್ತಿತ್ವ. 2020ರಲ್ಲಿ ಲಾಕ್‌ಡೌನಿನಿಂದ ಟೂರ್ನಿಗಳೆಲ್ಲ ನಿಂತವು, ಜನ ಮನೆ ಹಿಡಿದರು. ಅದಕ್ಕೂ ಮೊದಲೇ ಟ್ವಿಚ್ ಎಂಬ ನೇರಪ್ರಸಾರದ ತಾಣದಲ್ಲಿ ಆಡುತ್ತಿದ್ದ ನಕಮುರ ಅವರ ಕಡೆ ದೊಡ್ಡ ಅಲೆಯೇ ಬಂತು. ಜೂನ್‌ನಲ್ಲಿ ‘ಪಾಗ್‌ಚಾಂಪ್ಸ್’ ಎಂಬ ಟೂರ್ನಿ ನಡೆಯಿತು. ಆಡಿದವರು ವಿಡಿಯೊ ಗೇಮ್ ಜಗತ್ತಿನ ಖ್ಯಾತನಾಮರು, ಬಹಳ ಮಂದಿ ಚೆಸ್ಸಿಗೆ ತೀರಾ ಹೊಸಬರು. ಅಂಥವರಿಗೆ ಪಾಠ ಹೇಳಿಕೊಟ್ಟವರಲ್ಲಿ ನಕಮುರ ಒಬ್ಬರು. ಅವರ ಬಳಿ ಕಲಿತ ಎಕ್ಸ್‌ಕ್ಯುಸಿ ಎಂಬ ಸ್ಟ್ರೀಮರ್ ಆರೇ ನಡೆಯಲ್ಲಿ ಮೇಟ್ ಆಗಿ ಸೋತ ಆಟ, ವಿಶ್ವ ಚಾಂಪಿಯನ್‌ಷಿಪ್ಪಿನ ಆಟಗಳಿಗಿಂತ ಹೆಚ್ಚು ಜನರ ಬಾಯಲ್ಲಿ ಓಡಾಡಿತು. ಆಗಸ್ಟ್‌ನಲ್ಲಿ ಟಿಎಸ್‌ಎಂ ಎಂಬ ಇ-ಸ್ಪೋರ್ಟ್ಸ್ ಸಂಸ್ಥೆ ನಕಮುರ ಅವರನ್ನು ಒಪ್ಪಂದ ಮಾಡಿಕೊಂಡು ಸೇರಿಸಿಕೊಂಡಿತು.

ಜನ ಕಚ್ಚಿಕೊಂಡದ್ದು ಯಾಕೆ? ಹಳೆಯ ಗ್ರಾಂಡ್‌ಮಾಸ್ಟರರು ಆಟ ಮುಗಿದ ಮೇಲೆ ವಿವರಿಸುತ್ತಿದ್ದರು. ಇವರು ಆಡುತ್ತಿರುವಾಗಲೇ ತಲೆಯೊಳಗಿನದನ್ನು ಹೊರಗೆ ಹಾಕುತ್ತಾರೆ. ತೂಕದ ಮಾತಲ್ಲ, ವ್ಯಾಕರಣಶುದ್ಧವೂ ಅಲ್ಲ. ಬಾಯಿಗೆ ಬಂದದ್ದು ಬಂತು, ತಪ್ಪಿದರೆ ಮುಂದಿನ ವಾಕ್ಯದಲ್ಲಿ ತಿದ್ದಿಕೊಂಡರಾಯಿತು. ಬೇಗ, ಸಾಕಷ್ಟು ಸರಿಯಾಗಿ, ನಿಲ್ಲದೆ. ಬ್ಲಿಟ್ಜ್ ಆಡುವ ಹಾಗೆಯೇ ಮಾತಾಡುತ್ತಾರೆ. ಜೊತೆಗೆ ತಮಾಷೆಯ ಪಂದ್ಯಗಳು: ಬೇಕೆಂದೇ ರಾಣಿಯನ್ನು ಬಿಟ್ಟುಕೊಟ್ಟು ಗೆಲ್ಲುವುದು, ‘ಬಾಂಗ್‌ಕ್ಲೌಡ್’ ಆಡುತ್ತಲೇ ಕೆಳಗಿನ ರೇಟಿಂಗಿನಿಂದ 3000ದವರೆಗೆ ಏರುವುದು. ಬಾಂಗ್‌ಕ್ಲೌಡ್ ಎಂದರೆ ಎರಡನೇ ನಡೆಗೇ ರಾಜನನ್ನು ಇ2ಕ್ಕೆ ತರುವುದು. ಸ್ವಂತ ರಾಣಿಗೂ ಒಂಟೆಗೂ ಅಡ್ಡ ನಿಂತ ರಾಜ, ಕ್ಯಾಸ್ಲಿಂಗ್ ಹಕ್ಕಿಗೂ ಎಳ್ಳುನೀರು. ಇದಕ್ಕಿಂತ ಕೆಟ್ಟ ಆರಂಭವನ್ನು ಹುಡುಕಲು ಶ್ರಮ ಪಡಬೇಕು. 2021ರ ಮಾರ್ಚ್‌ನಲ್ಲಿ ಟೂರ್ನಿಯೊಂದರಲ್ಲಿ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಇದನ್ನು ನಕಮುರ ವಿರುದ್ಧವೇ ಆಡಿದರು. ನಕಮುರ ತಮ್ಮ ರಾಜನನ್ನೂ ಇ7ಕ್ಕೆ ತಂದರು. ಇಬ್ಬರೂ ಮುಂದಿನ ಹಂತ ಸೇರಿಯಾಗಿತ್ತು. ರಾಜರನ್ನು ಹಿಂದೆ ಮುಂದೆ ಆಡಿಸಿ ನಗುತ್ತ ಡ್ರಾ ಮಾಡಿಕೊಂಡರು. ಇದು ಆಟಕ್ಕೆ ಅವಮಾನ ಎಂದವರೂ ಇದ್ದರು. ನನಗೆ ಹಾಗನ್ನಿಸಲಿಲ್ಲ, ಆದರೆ ಆ ವಾರ ತರಗತಿಯಲ್ಲಿ ರಾಜನನ್ನು ಇ2ಕ್ಕೆ ತರುವ ಮಕ್ಕಳನ್ನು ಹಿಂದಕ್ಕೆ ಕಳಿಸುವುದೇ ಕೆಲಸವಾಯಿತು.

‘ನನಗೆ ಅಕ್ಷರಶಃ ಚಿಂತೆಯಿಲ್ಲ’ ಎಂಬರ್ಥದ ಅವರ ಇಂಗ್ಲಿಷ್ ಮಾತೊಂದು ಗಾದೆಯಷ್ಟೇ ಪ್ರಸಿದ್ಧ. ಹೊಟ್ಟೆಪಾಡಿಗೆ ಚೆಸ್ ಟೂರ್ನಿ ನೆಚ್ಚಿಕೊಂಡಿಲ್ಲ, ನಾನು ಮೊದಲು ಸ್ಟ್ರೀಮರ್ ಎನ್ನುವುದು ಅವರ ವಾದ. ಪೂರ್ತಿ ನಂಬಬೇಕೇ? ನೋಡಿ ನೀವೇ ಹೇಳಿ. ಎರಡು ವರ್ಷಕ್ಕೂ ಮೀರಿ ಕ್ಲಾಸಿಕಲ್ ಆಟ ಮುಟ್ಟದೆ, 2022ರ ಫೆಬ್ರುವರಿಯಲ್ಲಿ ಬರ್ಲಿನ್‌ನ ಗ್ರ್ಯಾನ್ ಪ್ರಿಗೆ ಹೋಗಿ ಗೆದ್ದರು. ಅಲ್ಲಿಂದ ವಿಶ್ವ ಪಟ್ಟದ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ, ಮ್ಯಾಡ್ರಿಡ್‌ಗೆ. ಕೊನೆಯ ಸುತ್ತಿನಲ್ಲಿ ಡಿಂಗ್ ಲಿರೆನ್ ಜೊತೆ ಡ್ರಾ ಸಾಕಿತ್ತು, ಎರಡನೇ ಸ್ಥಾನ ಸಿಗುತ್ತಿತ್ತು. ಸೋತರು. ಕಾರ್ಲ್‌ಸನ್ ಪಟ್ಟ ಬಿಟ್ಟುಕೊಟ್ಟದ್ದರಿಂದ ಆ ಎರಡನೇ ಸ್ಥಾನಕ್ಕೇ ವಿಶ್ವ ಪಟ್ಟದ ಪಂದ್ಯ ಒಲಿಯಿತು. ಡಿಂಗ್ ಚಾಂಪಿಯನ್ ಆದರು. ಅವರನ್ನು 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಸೋಲಿಸಿದವರು ನಮ್ಮ ಗುಕೇಶ್. ಅದೇ ವರ್ಷದ ಟೊರಾಂಟೊ ಕ್ಯಾಂಡಿಡೇಟ್ಸ್‌ನಲ್ಲಿ ನಮ್ಮವರೇ ಆದ ವಿದಿತ್ ಗುಜರಾತಿ ನಕಮುರ ಅವರನ್ನು ಎರಡು ಸಲ ಸೋಲಿಸಿದ್ದರು. ಕೊನೆಯ ಸುತ್ತಿನಲ್ಲಿ ಗೆಲ್ಲಲೇಬೇಕಿದ್ದ ನಕಮುರ, ಗುಕೇಶ್ ಜೊತೆ ಡ್ರಾಕ್ಕೆ ತೃಪ್ತಿಪಟ್ಟರು. ಚಿಂತೆಯಿಲ್ಲದವರು ಇಷ್ಟು ಹತ್ತಿರ ಬರುವುದಿಲ್ಲ. ಚಿಂತೆಯನ್ನು ಹಗುರ ಮಾಡಿಕೊಳ್ಳುವ ಉಪಾಯ ಅದು ಎಂದು ನಾನು ತಿಳಿದಿದ್ದೇನೆ.

ಇಷ್ಟು ಗೆಲ್ಲುವವರ ಮೇಲೆ ಅನುಮಾನವೂ ಬಂದಿದೆ. 2023ರ ನವೆಂಬರ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ನಕಮುರ ಆನ್‌ಲೈನ್‌ನಲ್ಲಿ 46 ಆಟಗಳಲ್ಲಿ 45.5 ಅಂಕ ಗಳಿಸಿದ್ದನ್ನು ಎತ್ತಿ ತೋರಿಸಿ ಅನುಮಾನದ ಮಾತಾಡಿದರು. ಅಂಕಿ ಕೇಳಿದರೆ ಯಾರಿಗಾದರೂ ಹುಬ್ಬೇರುತ್ತದೆ. ಆದರೆ ಎದುರಾಳಿಗಳ ರೇಟಿಂಗ್ ನೋಡಿ. 400 ಅಂಕ ಕಡಿಮೆಯಿರುವವರ ಜೊತೆ ಆಡಿದರೆ ರೇಟಿಂಗ್ ಲೆಕ್ಕ ಹಾಕುವ ಎಲೊ ಸೂತ್ರದ ಪ್ರಕಾರವೇ 100 ಆಟಕ್ಕೆ 91 ಅಂಕ ಬರಬೇಕು, ಮತ್ತು ನಕಮುರ ಅವರ ಬ್ಲಿಟ್ಜ್ ರೇಟಿಂಗ್ ಚೆಸ್ ಡಾಟ್ ಕಾಮ್‌ನಲ್ಲಿ 3400 ದಾಟಿದ್ದುಂಟು. ಹತ್ತಾರು ಸಾವಿರ ಆಟ ಆಡಿದವರ ಲೆಕ್ಕದಿಂದ ಅತಿ ಒಳ್ಳೆಯ ತುಂಡೊಂದನ್ನು ಕತ್ತರಿಸಿ ತಂದರೆ ಅದು ವಿಚಿತ್ರವಾಗಿ ಕಾಣುವುದೇ ಸಹಜ. ಚೆಸ್ ಡಾಟ್ ಕಾಮ್ ಪರಿಶೀಲಿಸಿ, ಮೋಸ ಕಂಡಿಲ್ಲ ಎಂದು ಹೇಳಿತು.

ಪರದೆಯ ಅಬ್ಬರ ಹೊರಗೆ ಚೆಲ್ಲಿದ ದಿನ 2025ರ ಅಕ್ಟೋಬರ್ 4. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಅಮೆರಿಕ–ಭಾರತ ಪ್ರದರ್ಶನ ಪಂದ್ಯ. ವಿಶ್ವ ಚಾಂಪಿಯನ್ ಗುಕೇಶ್ ಅವರನ್ನು ಸೋಲಿಸಿದ ನಕಮುರ, ಗುಕೇಶ್ ರಾಜನನ್ನು ಎತ್ತಿ ಪ್ರೇಕ್ಷಕರತ್ತ ಎಸೆದರು. ಭಾರತದಲ್ಲಿ ಜನ ಕೆರಳಿದರು. ಅಬ್ಬರ ಮಾಡಿ ಎಂದು ಆಟಗಾರರಿಗೆ ಮೊದಲೇ ಹೇಳಲಾಗಿತ್ತು, ಗೆದ್ದರೆ ಎಸೆಯುವುದೆಂದು ನಕಮುರ ಕೂಡ ಮೊದಲೇ ಯೋಚಿಸಿದ್ದರು ಎನ್ನುವುದು ಆಮೇಲೆ ಹೊರಬಂತು. ಟ್ವಿಚ್‌ನಲ್ಲಿ ನಗು ತರುವ ಕೆಲಸ, ಎದುರಿಗೆ ಕೂತವರ ಮುಖ ಕಾಣುವಲ್ಲಿ ಒರಟಾಗಿ ಕಂಡಿತು. ನನಗೂ ಹಿಡಿಸಲಿಲ್ಲ.

ನೋಡಲು ಶುರುಮಾಡುವವರು ಬುಲೆಟ್ ಆಟಗಳಿಂದ ಶುರುಮಾಡಬೇಡಿ. 2022 ಮತ್ತು 2024ರ ಕ್ಯಾಂಡಿಡೇಟ್ಸ್ ನಡೆಯುತ್ತಿದ್ದಾಗ ತಮ್ಮ ಆಟಗಳ ಬಗ್ಗೆ ಆಯಾ ದಿನವೇ ಅವರು ಮಾಡಿದ ವಿಡಿಯೊಗಳಿವೆ. ಅಲ್ಲಿ ಮಾತು ನಿಧಾನ. ಎಲ್ಲಿ ಹೆದರಿದೆ, ಯಾವ ನಡೆ ಕಾಣಲಿಲ್ಲ ಎನ್ನುವುದೆಲ್ಲ ಬರುತ್ತದೆ. ಪಕ್ಕದಲ್ಲೊಂದು ಬೋರ್ಡ್ ಇಟ್ಟುಕೊಳ್ಳಿ. ಅವರು ‘ಹೊಡೆದ, ಹೊಡೆದೆ’ ಎಂದು ಓಡಿದ ಕೂಡಲೇ ವಿಡಿಯೊ ನಿಲ್ಲಿಸಿ, ಆ ನಡೆಗಳನ್ನು ನಿಮ್ಮ ಕೈಯಾರೆ ನಡೆಸಿ, ಆಮೇಲೆ ಬಾಣಗಳ ಜೊತೆ ತಾಳೆ ನೋಡಿ. ಬ್ಲಿಟ್ಜ್‌ಗೆ ಹೋದಾಗ ಪ್ರತಿ ನಡೆಯನ್ನು ಹಿಂಬಾಲಿಸಬೇಡಿ, ಎರಡು ಗಡಿಯಾರಗಳ ನಡುವಿನ ಅಂತರವನ್ನಷ್ಟೇ ನೋಡುತ್ತಿರಿ. ನೀವು ಸ್ವತಃ ಆಡುವಾಗ ಸದ್ಯಕ್ಕೆ 15 ನಿಮಿಷ, ನಡೆಗೆ 10 ಸೆಕೆಂಡು ಸಾಕು. ಬಿ3 ಬೇಕಾದರೆ ಆಡಿ ನೋಡಿ. ರಾಜ ಮಾತ್ರ ಇ2ಕ್ಕೆ ಬೇಡ.