ಬಿಗಿದ ಮುಚ್ಚಳವನ್ನು ಬಿಡಿಸುವ ಬಗೆ

ಯಂತ್ರಗಳನ್ನು ಕೂಡಿಸುವುದಕ್ಕೆ ತಿರುಪಿನಷ್ಟು ಸರಳವಾದ ಸಾಧನ ಇನ್ನೊಂದಿಲ್ಲ. ಆದರೆ ವರ್ಷಗಟ್ಟಲೆ ಅಲುಗದೆ ಕುಳಿತ ತಿರುಪು ಹಟ ಹಿಡಿದರೆ, ಬಲಶಾಲಿಯ ತೋಳೂ ಅದರ ಮುಂದೆ ಸೋಲುವುದುಂಟು. ಇಂತಹ ಸಂದರ್ಭದಲ್ಲಿ ತೋಳ್ಬಲಕ್ಕಿಂತ ಮೊದಲು ಬೇಕಾದದ್ದು ವಿಚಾರಬಲ. ತರಗತಿಯಲ್ಲಿ ಕಲಿತ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಇಲ್ಲಿ ಹೇಗೆ ನೆರವಿಗೆ ಬರುತ್ತವೆ ಎಂಬುದನ್ನು ಹಳೆಯ ಮೋಟಾರು ಸೈಕಲ್ಲಿನ ಉದಾಹರಣೆಯಿಂದ ತಿಳಿಯೋಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಮೋಟಾರು ಸೈಕಲ್ಲುಗಳು ಹೊರಬರತೊಡಗಿದವು. ಮೂಲ ವಿನ್ಯಾಸ ಅಂದಿನ ಚೆಕೊಸ್ಲೊವಾಕಿಯ ದೇಶದ್ದು. 1973ರಿಂದ ಇವು ಯೆಜ್ಡಿ ಎಂಬ ಹೆಸರನ್ನು ಪಡೆದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದುದರಿಂದ ಇಂದು ಅಂತಹ ಗಾಡಿಯ ಭಾಗವೊಂದನ್ನು ಅವಸರದಿಂದ ಮುರಿದರೆ ಮೂಲ ಕಾರ್ಖಾನೆಯ ಹೊಸ ಭಾಗ ಸುಲಭವಾಗಿ ದೊರೆಯಲಾರದು. ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಇಂತಹ ಹಳೆಯ ಗಾಡಿಯೊಂದು ಹಲವು ವರ್ಷ ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತೆಂದೂ, ಅದನ್ನು ಮತ್ತೆ ರಸ್ತೆಗೆ ಇಳಿಸಬೇಕಾಗಿದೆಯೆಂದೂ ಭಾವಿಸೋಣ.

ಫೋರ್ಕಿನ ರಚನೆ

ಮುಂದಿನ ಗಾಲಿಯನ್ನು ಹಿಡಿದಿರುವ ಎರಡು ಕಾಲುಗಳ ಭಾಗವೇ ಫೋರ್ಕು. ಪ್ರತಿಯೊಂದು ಕಾಲಿನಲ್ಲಿಯೂ ಒಂದು ಕೊಳವೆ ಇನ್ನೊಂದರೊಳಗೆ ಜಾರುತ್ತದೆ. ಒಳಗೆ ಉದ್ದನೆಯ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ. ಗಾಲಿ ಹಳ್ಳಕ್ಕೆ ಬಿದ್ದಾಗ ಸ್ಪ್ರಿಂಗು ಕುಗ್ಗಿ ಶಕ್ತಿಯನ್ನು ಸಂಗ್ರಹಿಸುತ್ತದೆ. ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಗ್ಗುವಾಗ ಆ ಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಎಣ್ಣೆ ಇಲ್ಲದಿದ್ದರೆ ಗಾಡಿಯು ಒಂದು ಹಳ್ಳಕ್ಕೆ ಹತ್ತು ಬಾರಿ ಕುಣಿಯುತ್ತಿತ್ತು. ಹಲವು ವರ್ಷ ನಿಂತ ಗಾಡಿಯಲ್ಲಿ ಈ ಎಣ್ಣೆ ಕೆಸರಿನಂತಾಗಿರುತ್ತದೆ. ಅದನ್ನು ಬದಲಿಸಲು, ಸ್ಪ್ರಿಂಗನ್ನು ಪರೀಕ್ಷಿಸಲು, ಕೊಳವೆಯ ತುದಿಯಲ್ಲಿರುವ ತಿರುಪಿನ ಮುಚ್ಚಳವನ್ನು, ಅಂದರೆ ಮೆಕ್ಯಾನಿಕರು ಫೋರ್ಕ್ ಕ್ಯಾಪ್ ಎನ್ನುವ ಭಾಗವನ್ನು, ಬಿಚ್ಚಲೇಬೇಕು.

ಮುಚ್ಚಳವನ್ನು ಹಿಡಿದಿರುವವರು ಯಾರು?

ಸ್ಪ್ಯಾನರು ಹಿಡಿಯುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು. ಹಿಡಿದಿರುವ ಬಲಗಳು ಮುಖ್ಯವಾಗಿ ಮೂರು.

ಮೊದಲನೆಯದು ಕ್ಲಾಂಪಿನ ಬಿಗಿತ. ಅನೇಕ ಗಾಡಿಗಳಲ್ಲಿ ಕೊಳವೆಯನ್ನು ಮೇಲೊಂದು, ಕೆಳಗೊಂದು ಕ್ಲಾಂಪುಗಳು ಸುತ್ತಿ ಹಿಡಿದಿರುತ್ತವೆ. ಮೇಲಿನ ಕ್ಲಾಂಪು ಅಮುಕುವುದು ಮುಚ್ಚಳದ ಥ್ರೆಡ್ಡುಗಳಿರುವ ಜಾಗವನ್ನೇ. ಅದರ ಬೋಲ್ಟನ್ನು ಸಡಿಲಿಸದೆ ಮುಚ್ಚಳವನ್ನು ತಿರುಗಿಸುವುದು, ಕೈಯನ್ನು ಇನ್ನೊಬ್ಬನು ಹಿಡಿದಿರುವಾಗ ಬಳೆ ತೆಗೆಯಲು ಹೊರಟಂತೆ.

ಎರಡನೆಯದು ಸ್ಪ್ರಿಂಗಿನ ಒತ್ತಡ. ಸ್ಪ್ರಿಂಗು ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿರುವುದರಿಂದ ಥ್ರೆಡ್ಡುಗಳು ಒಂದನ್ನೊಂದು ಒತ್ತಿ ಘರ್ಷಣೆ ಹೆಚ್ಚುತ್ತದೆ. ಗಾಡಿಯ ಭಾರ ಮುಂದಿನ ಗಾಲಿಯ ಮೇಲಿದ್ದರೆ ಸ್ಪ್ರಿಂಗು ಇನ್ನಷ್ಟು ಕುಗ್ಗಿರುತ್ತದೆ.

ಮೂರನೆಯದು ತುಕ್ಕು. ಮಳೆ ಕಡಿಮೆಯಾದ ಜಗಳೂರು ಸೀಮೆಯಲ್ಲಿ ತುಕ್ಕು ಎಲ್ಲಿಂದ ಬರಬೇಕು ಎಂದು ಕೇಳಬಹುದು. ತುಕ್ಕಿಗೆ ಬೇಕಾದದ್ದು ಹೊಳೆಯಷ್ಟು ನೀರಲ್ಲ. ಮುಚ್ಚಳದ ಸುತ್ತಲಿನ ಸಂದಿನಲ್ಲಿ ಧೂಳು ಕುಳಿತಿರುತ್ತದೆ; ಚಳಿಗಾಲದ ಇಬ್ಬನಿಯೂ ಅಪರೂಪದ ಮಳೆಯೂ ಅದನ್ನು ನೆನೆಸುತ್ತವೆ; ಕೊಟ್ಟಿಗೆಯ ಗಂಜಲದಲ್ಲಿಯೂ ಗೊಬ್ಬರದ ಚೀಲಗಳಲ್ಲಿಯೂ ಇರುವ ಲವಣಗಳು ಆ ತೇವವನ್ನು ಹಿಡಿದಿಟ್ಟು ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರುತ್ತದೆ. ಥ್ರೆಡ್ಡುಗಳ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಹೀಗೆ ಬೆಳೆದ ತುಕ್ಕು ಬೆಣೆ ಬಡಿದಂತೆ ಬಿಗಿಯುತ್ತದೆ. ಮುಚ್ಚಳ ಅಲ್ಯೂಮಿನಿಯಮ್ಮಿನದಾಗಿ ಕೊಳವೆ ಉಕ್ಕಿನದಾಗಿದ್ದರೆ ಇನ್ನೊಂದು ತೊಡಕುಂಟು. ಎರಡು ಬೇರೆ ಬೇರೆ ಲೋಹಗಳ ನಡುವೆ ಲವಣದ ನೀರು ನಿಂತರೆ ಅದು ವೋಲ್ಟಾನ ವಿದ್ಯುತ್ಕೋಶದಂತೆಯೇ ಆಗುವುದು. ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಮ್ಮು ಸವೆದು ಬಿಳಿಯ ಹಿಟ್ಟಾಗಿ ಸಂದನ್ನು ತುಂಬುವುದು.

ಉಪ್ಪಿನಕಾಯಿ ಸೀಸೆಯ ಪಾಠ

ಬಿಗಿದ ತಿರುಪನ್ನು ಕಾಯಿಸಿದರೆ ಸಡಿಲವಾಗುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಉಪ್ಪಿನಕಾಯಿ ಸೀಸೆಯ ತಗಡಿನ ಮುಚ್ಚಳ ಬಿಗಿದಾಗ ಮನೆಯಲ್ಲಿ ಬಿಸಿನೀರಿಗೆ ಹಿಡಿಯುವುದುಂಟಷ್ಟೆ. ಅಲ್ಲಿ ಮುಚ್ಚಳವು ಹೊರಗಿದೆ. ಗಾಜಿಗಿಂತ ಹೆಚ್ಚು ಹಿಗ್ಗಿ ಸಡಿಲವಾಗುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವ ಕಮ್ಮಾರನ ಕೆಲಸದಲ್ಲಿಯೂ ಇದೇ ತತ್ತ್ವವಿದೆ. ಆದರೆ ಫೋರ್ಕಿನ ಮುಚ್ಚಳ ಕೊಳವೆಯ ಒಳಗಿದೆ! ಆದುದರಿಂದ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಥ್ರೆಡ್ಡಿನ ವ್ಯಾಸ 32 ಮಿಲಿಮೀಟರ್ ಎಂದು ಹಿಡಿಯೋಣ. 30 ಡಿಗ್ರಿಯಿಂದ ಕುದಿನೀರಿನ 100 ಡಿಗ್ರಿಗೆ, ಅಂದರೆ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಏರಲಿ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು, ಅಲ್ಯೂಮಿನಿಯಮ್ಮು ಸುಮಾರು 23 ಪಾಲು ಹಿಗ್ಗುತ್ತದೆ. ಇದರಂತೆ ಉಕ್ಕಿನ ಕೊಳವೆಯ ವ್ಯಾಸ 0.027 ಮಿಲಿಮೀಟರ್ ಬೆಳೆದರೆ ಅಲ್ಯೂಮಿನಿಯಮ್ಮಿನ ಮುಚ್ಚಳ 0.052 ಮಿಲಿಮೀಟರ್ ಬೆಳೆಯುತ್ತದೆ. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಮುಚ್ಚಳವು ಸಡಿಲವಾಗುವ ಬದಲು 0.025 ಮಿಲಿಮೀಟರಿನಷ್ಟು ಹೆಚ್ಚು ಬಿಗಿಯಾಗುತ್ತದೆ! ಎರಡೂ ಉಕ್ಕಿನವಾಗಿದ್ದರೆ ಒಟ್ಟಿಗೆ ಹಿಗ್ಗುತ್ತವೆ. ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹಾಗಾದರೆ ಉಪಾಯವೇನು? ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಿಂದ ಹಿಡಿದು ಕೊಳವೆಯ ಹೊರಮೈಗೆ ಮಾತ್ರ ಸುತ್ತಬೇಕು. ಮುಚ್ಚಳದ ತಲೆಯ ಮೇಲೆ ಮಂಜುಗಡ್ಡೆಯ ತುಂಡನ್ನಿಡಬೇಕು. ಉಷ್ಣವು ಒಳಕ್ಕೆ ಹರಿಯುವ ಮೊದಲಿನ ಕೆಲವು ಕ್ಷಣಗಳಲ್ಲಿ ಕೊಳವೆ ಹಿಗ್ಗಿ ಮುಚ್ಚಳ ಹಿಗ್ಗದಿರುವುದರಿಂದ ಸಂದು ತೆರೆಯುತ್ತದೆ. ಆಗಲೇ ತಿರುಗಿಸಬೇಕು. ಆಗಲೂ ಬಾರದಿದ್ದರೆ ಪೂರ್ತಿ ತಣಿಯಲು ಬಿಟ್ಟು ಮತ್ತೆ ಕಾಯಿಸಬೇಕು. ಹಿಗ್ಗಿ ಕುಗ್ಗುವ ಈ ಕ್ರಿಯೆಯಿಂದ ತುಕ್ಕಿನ ಪದರ ಬಿರಿಯುತ್ತದೆ. ಬೆಂಕಿಯ ಜ್ವಾಲೆಯನ್ನು ಮಾತ್ರ ಎಂದಿಗೂ ತೋರಿಸಬಾರದು. ಒಳಗೆ ಎಣ್ಣೆಯಿದೆ, ಮುಚ್ಚಿದ ಗಾಳಿಯಿದೆ. ಎಣ್ಣೆಯ ಆವಿಗೆ ಕಿಡಿ ತಗುಲಿದರೆ ಅಪಾಯ ಸಿದ್ಧ.

ಕೆಲಸದ ಕ್ರಮ

1. ಗಾಡಿಯ ಸ್ವಂತ ಕೈಪಿಡಿಯನ್ನು ನೋಡಿ ರಚನೆಯನ್ನು ತಿಳಿದುಕೊಳ್ಳಬೇಕು. ಕೆಲವು ಗಾಡಿಗಳಲ್ಲಿ ಮೇಲಿನ ಕ್ಲಾಂಪಿಗೆ ಬೋಲ್ಟಿಲ್ಲದೆ ಮುಚ್ಚಳವೇ ಅದನ್ನು ಅಮುಕಿ ಹಿಡಿದಿರುತ್ತದೆ.

2. ಸಂದಿನ ಧೂಳನ್ನು ಕೆರೆದು ತೆಗೆದು, ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಡಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಇದು ಕೇಶಾಕರ್ಷಣೆಯಿಂದ ಸಂದಿನೊಳಗೆ ತಾನಾಗಿ ಹರಡುತ್ತದೆ. ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು. ಆದರೆ ಹರಿವು ನಿಧಾನ. ಆದ್ದರಿಂದಲೇ ಕಾಯಬೇಕು.

3. ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ಮುಂದಿನ ಗಾಲಿಯನ್ನು ನೆಲದಿಂದ ಬಿಡಿಸಬೇಕು. ಸ್ಪ್ರಿಂಗಿನ ಒತ್ತಡ ಇಳಿಯುತ್ತದೆ.

4. ಫೋರ್ಕನ್ನು ಗಾಡಿಯಿಂದ ಕಳಚುವ ಮೊದಲೇ ಮುಚ್ಚಳವನ್ನು ಸಡಿಲಿಸಬೇಕು. ಮೇಲಿನ ಕ್ಲಾಂಪಿನ ಬೋಲ್ಟನ್ನು ಸಡಿಲಿಸಿ ಕೆಳಗಿನದನ್ನು ಬಿಗಿಯಾಗಿಯೇ ಇಡತಕ್ಕದ್ದು. ಕೊಳವೆ ತಿರುಗದಂತೆ ಅದು ಹಿಡಿಯುತ್ತದೆ. ಕಳಚಿದ ಕೊಳವೆಯನ್ನು ವೈಸಿಗೆ ಕಚ್ಚಿಸಿದರೆ ನುಣುಪಾದ ಮೈಗೆ ಗಾಯವಾಗುವುದು.

5. ಆರು ಮೂಲೆಯ, ಸರಿಯಾದ ಅಳತೆಯ ಸಾಕೆಟ್ಟನ್ನೇ ಬಳಸಬೇಕು. ಮುಚ್ಚಳದ ತಲೆ ತೆಳುವಾಗಿರುತ್ತದೆ; ಸಾಕೆಟ್ಟಿನ ಬಾಯಿಯ ಒಳಅಂಚು ಇಳಿಜಾರಾಗಿದ್ದರೆ ಹಿಡಿತ ಅರ್ಧಕ್ಕೇ ನಿಂತು ಮೂಲೆಗಳು ಸವೆಯುತ್ತವೆ. ಆ ಬಾಯಿಯನ್ನು ಸಮತಟ್ಟಾಗಿ ಉಜ್ಜಿಸಿದರೆ ಹಿಡಿತ ಪೂರ್ಣವಾಗುವುದು.

6. ಮುಚ್ಚಳದ ತಲೆಯ ಮೇಲೆ ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಮೆಲ್ಲನೆ ಕೆಲವು ಏಟು ಹಾಕಬೇಕು. ಅದುರಿಕೆಯಿಂದ ತುಕ್ಕಿನ ಹಿಡಿತ ಬಿಡುತ್ತದೆ. ಅನಂತರ ಮೊದಲು ಬಿಗಿಯುವ ದಿಕ್ಕಿಗೆ ತುಸು ಒತ್ತಿ, ಬಳಿಕ ಸಡಿಲಿಸುವ ದಿಕ್ಕಿಗೆ ತಿರುಗಿಸಬೇಕು. 25 ಸೆಂಟಿಮೀಟರ್ ಹಿಡಿಗೆ 12 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದರೆ ತಿರುಚುಬಲ 3 ಕಿಲೋಗ್ರಾಂ-ಮೀಟರ್. ಪೈಪು ತೊಡಿಸಿ ಹಿಡಿಯನ್ನು 75 ಸೆಂಟಿಮೀಟರ್ ಮಾಡಿದರೆ ಅದೇ ಕೈಗೆ 9 ಕಿಲೋಗ್ರಾಂ-ಮೀಟರ್ ದೊರೆಯುವುದು. ಕೈಗೆ ಆಯಾಸವಿಲ್ಲ, ನಿಜ. ಆದರೆ ಮುಚ್ಚಳದ ಮೂಲೆಗಳಿಗೂ ಥ್ರೆಡ್ಡಿಗೂ ಬೀಳುವ ಹೊರೆ ಮೂರು ಪಟ್ಟು. ಬಾರದಿದ್ದಾಗ ಪೈಪನ್ನು ಹುಡುಕುವ ಬದಲು ಎರಡನೆಯ ಹೆಜ್ಜೆಗೆ ಮರಳುವುದೇ ಜಾಣತನ.

ಕೊನೆಯ ಸುತ್ತಿನ ಎಚ್ಚರಿಕೆ

ಮುಚ್ಚಳವು ಸಡಿಲವಾಯಿತೆಂದು ಹಿಗ್ಗುವ ಹೊತ್ತೇ ಹೆಚ್ಚಿನ ಅಪಾಯದ ಹೊತ್ತು. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಅರ್ಧ ಕಿಲೋಗ್ರಾಂ ಭಾರ ಬೇಕೆಂದೂ, ಅದು 20 ಮಿಲಿಮೀಟರ್ ಕುಗ್ಗಿ ಕುಳಿತಿದೆಯೆಂದೂ ಭಾವಿಸಿದರೆ, ಕೊನೆಯ ಥ್ರೆಡ್ಡಿನಲ್ಲಿ ಮುಚ್ಚಳವನ್ನು ತಳ್ಳುತ್ತಿರುವುದು 10 ಕಿಲೋಗ್ರಾಂ ಭಾರದ ಬಲ. ಲೋಹದ ಆ ತುಂಡು ನೆಟ್ಟಗೆ ಮುಖಕ್ಕೆ ಹಾರಿದರೆ ಕಣ್ಣೇ ಹೋದೀತು. ಕಣ್ಣಿಗೆ ರಕ್ಷೆಯ ಕನ್ನಡಕ ಧರಿಸಿ, ಮುಖವನ್ನು ಕೊಳವೆಯ ನೇರದಿಂದ ಓರೆಗೆ ಇಟ್ಟು, ಮೇಲಿನಿಂದ ಬಲವಾಗಿ ಒತ್ತಿಕೊಂಡೇ ಕೊನೆಯ ಸುತ್ತುಗಳನ್ನು ಬಿಚ್ಚತಕ್ಕದ್ದು.

ಮರಳಿ ಕೂಡಿಸುವಾಗ ಥ್ರೆಡ್ಡುಗಳನ್ನು ಸ್ವಚ್ಛಗೊಳಿಸಿ ತೆಳುವಾಗಿ ಗ್ರೀಸು ಸವರಬೇಕು. ತೇವಕ್ಕೆ ಅಲ್ಲಿ ಎಡೆಯಿರದು. ಮುಂದೆ ಬಿಚ್ಚುವವನಿಗೆ ಕಷ್ಟವೂ ಇರದು. ಮುಚ್ಚಳವನ್ನು ಬರಿಗೈಯಿಂದ ಮೊದಲು ಹಿಮ್ಮುಖವಾಗಿ ತಿರುಗಿಸಿ, ಥ್ರೆಡ್ಡು ಥ್ರೆಡ್ಡಿಗೆ ಇಳಿದದ್ದು ಕೈಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸಬೇಕು. ಓರೆಯಾಗಿ ಹತ್ತಿದ ಮುಚ್ಚಳ ಥ್ರೆಡ್ಡನ್ನು ಹಾಳುಮಾಡುತ್ತದೆ. ಮುಚ್ಚಳವನ್ನು ಬಿಗಿದ ಮೇಲೆಯೇ ಮೇಲಿನ ಕ್ಲಾಂಪಿನ ಬೋಲ್ಟನ್ನು ಬಿಗಿಯತಕ್ಕದ್ದು. ಇದನ್ನು ಮರೆತರೆ ಓಡುವ ಗಾಡಿಯ ಮುಂದಿನ ಗಾಲಿಯನ್ನೇ ನಂಬುವಂತಿಲ್ಲ.

ಕ್ಲಾಂಪಿಗೆ ಬೋಲ್ಟಿನ ಸಡಿಲಿಕೆ, ಸ್ಪ್ರಿಂಗಿಗೆ ಗಾಲಿಯನ್ನೆತ್ತುವುದು, ತುಕ್ಕಿಗೆ ಎಣ್ಣೆಯೂ ಉಷ್ಣವೂ: ಹೀಗೆ ಒಂದೊಂದು ಕಾರಣಕ್ಕೂ ಅದರದೇ ಆದ ಪರಿಹಾರವನ್ನು ಮಾಡಿದ ಮೇಲೆ ತೋಳಿಗೆ ಉಳಿಯುವ ಕೆಲಸ ಅತ್ಯಲ್ಪ. ಕಾರಣವನ್ನು ಅರಿಯದೆ ಹಾಕಿದ ಬಲ ಯಂತ್ರವನ್ನು ಮುರಿಯುತ್ತದೆ. ಅರಿತು ಹಾಕಿದ ಬಲ ಅದನ್ನು ಬಿಚ್ಚುತ್ತದೆ.