ಸ್ಕ್ಯಾನ್ ತೋರಿಸುವುದು ಗುರುತನ್ನು, ಕಾಯಿಲೆಯ ಹೆಸರನ್ನಲ್ಲ

ಹೊಟ್ಟೆಯ ತೊಂದರೆ ಯಾವುದೇ ಇರಲಿ, ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ‘ಪೇಟ್ ಕೀ ಬೀಮಾರಿ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ವೈದ್ಯರಿಗೆ ಅಷ್ಟು ಸಾಲದು. ಎಲ್ಲಿ, ಎಷ್ಟು, ಯಾಕೆ ಎಂದು ಅವರು ತಿಳಿಯಬೇಕು.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್‌ಗಿಂತ ತೆಳ್ಳಗಿರುತ್ತದೆ. ಉರಿಯೂತವಾದಾಗ ಗೋಡೆ ಊದಿಕೊಂಡು ದಪ್ಪವಾಗುತ್ತದೆ, ಅಲ್ಲಿಗೆ ರಕ್ತದ ಹರಿವೂ ಹೆಚ್ಚುತ್ತದೆ. ಇದನ್ನು ಮೂರು ರೀತಿಯಲ್ಲಿ ನೋಡಬಹುದು.

1. ಅಲ್ಟ್ರಾಸೌಂಡ್: ಶಬ್ದದ ಅಲೆಗಳಿಂದ ಚಿತ್ರ ಮೂಡುತ್ತದೆ. ವಿಕಿರಣವಿಲ್ಲದ ಕಾರಣ ಮತ್ತೆ ಮತ್ತೆ ಮಾಡಬಹುದು.
2. ಸಿ.ಟಿ. ಸ್ಕ್ಯಾನ್: ಎಕ್ಸ್-ರೇ ಬಳಸುತ್ತದೆ. ಬೇಗ ಮುಗಿಯುತ್ತದೆ. ಕರುಳು ತೂತಾಗಿದ್ದರೆ, ಕೀವು ತುಂಬಿದ್ದರೆ ತಿಳಿಯುತ್ತದೆ.
3. ಎಂ.ಆರ್.ಐ.: ಅಯಸ್ಕಾಂತದ ಶಕ್ತಿಯಿಂದ ನಡೆಯುತ್ತದೆ. ಎಕ್ಸ್-ರೇ ಇಲ್ಲ, ಸಮಯ ಹೆಚ್ಚು ಬೇಕು.

ಗೋಡೆ ದಪ್ಪವಾಗಲು ಕಾರಣಗಳು ಹಲವು. ಅಲ್ಸರೇಟಿವ್ ಕೊಲೈಟಿಸ್ ಸಾಮಾನ್ಯವಾಗಿ ಗುದನಾಳದಿಂದ ಶುರುವಾಗಿ, ನಡುವೆ ಬಿಡದೆ ಮೇಲಕ್ಕೆ ಹರಡುತ್ತದೆ. ಮುಖ್ಯವಾಗಿ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಗೋಡೆಯ ಎಲ್ಲ ಪದರಗಳಿಗೂ ಇಳಿಯಬಲ್ಲದು, ಅಲ್ಲಲ್ಲಿ ಬಿಟ್ಟು ಬಿಟ್ಟು ಕಾಣಿಸುತ್ತದೆ. ಇದನ್ನು 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ವಿವರಿಸಿದರು.

ಭಾರತದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯವೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಕ್ರೋನ್ಸ್ ಕಾಯಿಲೆಯಂತೆಯೇ ಕಾಣಬಹುದು. ಆದರೆ ಚಿಕಿತ್ಸೆ ಬೇರೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್‌ನಂಥ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕ್ಷಯವಿರುವವರಿಗೆ ಅದನ್ನೇ ಕೊಟ್ಟರೆ ಕ್ಷಯ ಉಲ್ಬಣಿಸಬಹುದು.

ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಯಾವ ನಮೂದಿನಲ್ಲಿ ಎಂದು ತಿಳಿಯಲು ಲೆಡ್ಜರ್, ವೋಚರ್ ತೆಗೆದು ನೋಡಲೇಬೇಕು. ಇಲ್ಲಿ ಆ ಕೆಲಸ ಮಾಡುವುದು ಕೊಲೊನೊಸ್ಕೋಪಿ ಮತ್ತು ಬಯಾಪ್ಸಿ. ಕ್ಯಾಮೆರಾ ಇರುವ ಕೊಳವೆಯಿಂದ ಒಳಗೆ ನೋಡಿ, ಚಿಕ್ಕ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಕೆಲವೊಮ್ಮೆ ಅದೊಂದೇ ಸಾಲದೆ, ಎಲ್ಲ ವರದಿಗಳನ್ನೂ ಒಟ್ಟಿಗಿಟ್ಟು ನಿರ್ಧರಿಸಬೇಕಾಗುತ್ತದೆ.

ಆದ್ದರಿಂದ ವರದಿಯಲ್ಲಿ ‘ಗೋಡೆ ದಪ್ಪವಾಗಿದೆ’ ಎಂದು ಓದಿದ ಕೂಡಲೇ ಹೆದರಬೇಡಿ, ನೀವೇ ಕಾಯಿಲೆಗೆ ಹೆಸರಿಡಬೇಡಿ. ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ನಾಚಿಕೊಂಡು ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಿರಿ.