ಎಂಟು ಜನ, ಒಂದು ಟೇಬಲ್, ಒಂದು ಬಿಲ್ಲು

ಎಕ್ಸಾಮ್ ಮುಗೀತು, ಯಾರದೋ ಬರ್ತ್‌ಡೇ ಬಂತು, ಇನ್ಯಾರಿಗೋ ಇಂಟರ್ನ್‌ಶಿಪ್ ಸಿಕ್ತು. ನೆಪ ಯಾವುದಾದರೂ ಆಗಲಿ, ಗ್ಯಾಂಗ್ ಕಟ್ಟಿಕೊಂಡು ಹೊರಗೆ ಊಟಕ್ಕೆ ಹೋಗೋದು ಕ್ಯಾಂಪಸ್ ಜೀವನದ ದೊಡ್ಡ ಖುಷಿ. ಆದರೆ ಎಂಟು ಜನ ಎಲ್ಲಿಗೆ ಹೋಗೋದು, ಏನು ಆರ್ಡರ್ ಮಾಡೋದು, ದುಡ್ಡು ಹೇಗೆ ಹಂಚಿಕೊಳ್ಳೋದು ಅನ್ನೋದರ ಒಳಗೆ ಒಳ್ಳೆ ಗಣಿತ ಅಡಗಿದೆ. ಆ ಲೆಕ್ಕ ತಪ್ಪಿದರೆ ಹೋಗೋದು ಬರೀ ದುಡ್ಡಲ್ಲ. ಮುಂದಿನ ಸಲ ಕರೆದಾಗ ಒಬ್ಬರು "ಇಲ್ಲ ಗುರು, ನಂದು ಮೆಸ್ಸಲ್ಲೇ ಊಟ ಆಯ್ತು" ಅಂತಾರೆ. ಆಮೇಲೆ ನಾವೂ ಕರೆಯೋದು ಬಿಟ್ಟುಬಿಡ್ತೀವಿ. ಅದಕ್ಕೇ ಈ ಪಾಠ.

1. ಎಲ್ಲಿಗೆ ಹೋಗೋಣ?

"ವೋಟ್ ಹಾಕೋಣ" ಅನ್ನೋದು ನಮ್ಮ ಮೊದಲ ಉತ್ತರ. ಮೂರು ಜನರನ್ನು ತಗೊಳ್ಳೋಣ. ಒಬ್ಬರಿಗೆ ಮೊದಲು ದೋಸೆ, ಆಮೇಲೆ ಬಿರಿಯಾನಿ, ಕೊನೆಗೆ ಪಿಜ್ಜಾ. ಇನ್ನೊಬ್ಬರಿಗೆ ಬಿರಿಯಾನಿ, ಪಿಜ್ಜಾ, ದೋಸೆ. ಮೂರನೆಯವರಿಗೆ ಪಿಜ್ಜಾ, ದೋಸೆ, ಬಿರಿಯಾನಿ. ಈಗ ಎರಡೆರಡನ್ನೇ ಹೋಲಿಸಿ. ದೋಸೆ ಬಿರಿಯಾನಿಯನ್ನು 2-1ರಲ್ಲಿ ಸೋಲಿಸುತ್ತೆ, ಬಿರಿಯಾನಿ ಪಿಜ್ಜಾವನ್ನು 2-1ರಲ್ಲಿ ಸೋಲಿಸುತ್ತೆ, ಪಿಜ್ಜಾ ದೋಸೆಯನ್ನು 2-1ರಲ್ಲಿ ಸೋಲಿಸುತ್ತೆ! ಬಹುಮತ ಸುತ್ತು ಹೊಡೀತಾನೇ ಇರುತ್ತೆ. ಫ್ರೆಂಚ್ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ಇದನ್ನು ಬರೆದಿಟ್ಟ. ವಾಟ್ಸಾಪ್ ಗ್ರೂಪಲ್ಲಿ ರಾತ್ರಿ ಎಂಟು ಗಂಟೆ ತನಕ ಚರ್ಚೆ ಮುಗಿಯದೇ ಇದ್ದರೆ ಯಾರೂ ಹಠಮಾರಿಗಳೇ ಆಗಿರಬೇಕಿಲ್ಲ.

ಹಾಗಾದರೆ ಏನು ಮಾಡೋದು? ಆಪ್ಟಿಮೈಸೇಶನ್ ಲೆಕ್ಕದಲ್ಲಿ ಮಾಡೋ ಹಾಗೆ, ಮೊದಲು ನಿರ್ಬಂಧಗಳು, ಆಮೇಲೆ ಇಷ್ಟಗಳು. ಒಬ್ಬರು ಸಸ್ಯಾಹಾರಿ, ಒಬ್ಬರಿಗೆ ಕಡಲೆಕಾಯಿ ಅಲರ್ಜಿ, ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಆಗಲ್ಲ. ಇವಕ್ಕೆ ವೋಟ್ ಹಾಕೋ ಹಾಗಿಲ್ಲ. ಒಬ್ಬರಿಗಾದರೂ ತಿನ್ನೋಕೆ ಏನೂ ಸಿಗದ ಜಾಗ ಪಟ್ಟಿಯಿಂದ ಹೊರಗೆ. ಉಳಿದ ಜಾಗಗಳಲ್ಲಿ ಪ್ರತಿಯೊಬ್ಬರೂ ತಮಗೆ ಓಕೆ ಅನಿಸಿದ್ದಕ್ಕೆಲ್ಲ ಟಿಕ್ ಹಾಕಲಿ. ಹೆಚ್ಚು ಟಿಕ್ ಬಿದ್ದ ಜಾಗಕ್ಕೆ ಹೊರಡಿ, ಸಮ ಬಂದರೆ ಚೀಟಿ ಎತ್ತಿ.

2. ಬಜೆಟ್: ಸರಾಸರಿ ಮೋಸ ಮಾಡುತ್ತೆ

ಎಂಟು ಜನರ ಬಜೆಟ್ ಹೀಗಿದೆ ಅಂದುಕೊಳ್ಳಿ: 150, 250, 300, 300, 400, 400, 500, 500. ಒಟ್ಟು 2800, ಸರಾಸರಿ 350. "ತಲೆಗೆ 350 ಆಗುತ್ತೆ, ಓಕೆ ಅಲ್ವಾ?" ಅಂತ ಕೇಳಿದರೆ ಗ್ರೂಪಿನ ಅರ್ಧ ಜನ, ಅಂದರೆ ನಾಲ್ಕು ಜನ, ತಮ್ಮ ಕೈ ಮೀರಿದ್ದಕ್ಕೆ ಹೂಂ ಅನ್ನಬೇಕಾಗುತ್ತೆ. ಎಲ್ಲರ ಎದುರಿಗೆ "ನನ್ನ ಹತ್ರ ಅಷ್ಟಿಲ್ಲ" ಅನ್ನೋದು ಸುಲಭ ಅಲ್ಲ. ಹಾಗಾಗಿ ಹೆಸರು ಕೇಳದ ಒಂದು ಫಾರ್ಮ್ ಕಳಿಸಿ, ಅದರಲ್ಲಿ ಬಂದ ಕನಿಷ್ಠ ಸಂಖ್ಯೆಯನ್ನು ನೋಡಿ. ಸರಾಸರಿ ಬೇಡ.

ಹಾಗಂತ ಎಲ್ಲರೂ 150 ರೂಪಾಯಲ್ಲೇ ತಿನ್ನಬೇಕು ಅಂತಲ್ಲ. ಬಿಲ್ಲನ್ನು ಸಮ ಭಾಗ ಮಾಡಿದರೆ ತಲಾ ಖರ್ಚು 150 ದಾಟೋ ಹಾಗಿಲ್ಲ. ತಿಂದವರು ತಿಂದಷ್ಟೇ ಕೊಡೋದಾದರೆ, 150ಕ್ಕೆ ಒಬ್ಬರಿಗೆ ಹೊಟ್ಟೆ ತುಂಬೋ ಊಟ ಆ ಮೆನುವಲ್ಲಿದ್ದರೆ ಸಾಕು. ದುಡ್ಡು ಹಂಚೋ ರೀತಿ ಬದಲಾದರೆ ಹೋಗಬಹುದಾದ ಜಾಗಗಳೇ ಜಾಸ್ತಿ ಆಗ್ತವೆ.

3. ಸಮ ಭಾಗದ ಒಳಸುಳಿ

240 ರೂಪಾಯಿಯ ಒಂದು ಸ್ಟಾರ್ಟರ್ ಇದೆ. ನನಗೆ ಅದು ಹೆಚ್ಚಂದ್ರೆ 100 ರೂಪಾಯಿಯಷ್ಟು ಖುಷಿ ಕೊಡುತ್ತೆ. ನನ್ನ ದುಡ್ಡಲ್ಲಿ ನಾನು ತಗೊಳ್ಳಲ್ಲ. ಆದರೆ ಬಿಲ್ ಎಂಟು ಭಾಗ ಆಗುತ್ತೆ ಅಂದ್ರೆ ನನಗೆ ಬೀಳೋದು 30 ಮಾತ್ರ. "ಅಣ್ಣಾ, ಒಂದು ತನ್ನಿ!" ಎಂಟೂ ಜನ ಹೀಗೇ ಯೋಚಿಸಿದರೆ? ಬಿಲ್ 1920 ಏರುತ್ತೆ, ತಲೆಗೆ 240. ಎಲ್ಲರೂ 100 ರೂಪಾಯಿಯ ಖುಷಿಗೆ 240 ಕೊಟ್ಟ ಹಾಗಾಯ್ತು. ಯಾರೂ ಕೆಟ್ಟವರಲ್ಲ, ನಿಯಮವೇ ಹಾಗಿದೆ. ಗೇಮ್ ಥಿಯರಿಯಲ್ಲಿ ಇದು ಪ್ರಿಸನರ್ಸ್ ಡಿಲೆಮಾ ಜಾತಿಗೆ ಸೇರಿದ್ದು.

ಇದು ಬರೀ ಕಾಗದದ ಲೆಕ್ಕ ಅಲ್ಲ. ಉರಿ ಗ್ನೀಝಿ, ಅರ್ನನ್ ಹರುವಿ, ಹದಾಸ್ ಯಾಫೆ ಇಸ್ರೇಲಿನ ಒಂದು ರೆಸ್ಟೋರೆಂಟಿನಲ್ಲಿ ಆರಾರು ಜನರ ಗುಂಪುಗಳನ್ನು ಕೂರಿಸಿ ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಅವರವರದು ಅವರೇ ಕೊಟ್ಟಾಗ ತಲಾ ಸುಮಾರು 37 ಶೆಕೆಲ್, ಸಮ ಭಾಗ ಅಂದಾಗ ಸುಮಾರು 51, ಪೂರ್ತಿ ಫ್ರೀ ಅಂದಾಗ ಸುಮಾರು 82 ಶೆಕೆಲ್ ಮೌಲ್ಯದ ಆರ್ಡರ್ ಆಯಿತು. ಹೇಗೆ ಕೊಡೋಕೆ ಇಷ್ಟ ಅಂತ ಕೇಳಿದಾಗ ಹೆಚ್ಚಿನವರು ಹೇಳಿದ್ದು ಮಾತ್ರ "ನಮ್ಮದು ನಾವೇ" ಅಂತ. ಅಂದರೆ ಮನಸ್ಸಿಗೆ ಬೇಕಾದ ನಿಯಮವೇ ಬೇರೆ, ನಾಚಿಕೆಗೆ ಒಪ್ಪಿಕೊಳ್ಳೋ ನಿಯಮವೇ ಬೇರೆ.

4. ಬಿಲ್ಲಿಗೆ ಒಂದೇ ಗುಣಕ

"ಒಬ್ಬೊಬ್ಬರದೂ ಲೆಕ್ಕ ಹಾಕೋದು ತಲೆನೋವು, ಡಿಸ್ಕೌಂಟು, ಟ್ಯಾಕ್ಸು ಬೇರೆ" ಅಂತ ಎಲ್ಲರೂ ಸಮ ಭಾಗಕ್ಕೆ ಜಾರ್ತಾರೆ. ಒಂದೇ ಭಾಗಾಕಾರದಲ್ಲಿ ಇದು ಮುಗಿಯುತ್ತೆ. ಕೊನೆಗೆ ಕೊಟ್ಟ ಮೊತ್ತವನ್ನು ಮೆನು ಬೆಲೆಗಳ ಒಟ್ಟು ಮೊತ್ತದಿಂದ ಭಾಗಿಸಿ.

ಮೆನು ಬೆಲೆ ಒಟ್ಟು 3200. ಕೂಪನ್ನಿಂದ 20% ಕಡಿತ, 2560 ಆಯ್ತು. ಅದರ ಮೇಲೆ 5% ಜಿಎಸ್‌ಟಿ ಸೇರಿ 2688. ಗುಣಕ 2688/3200, ಅಂದರೆ 0.84. ಮೆನು ಬೆಲೆಯಲ್ಲಿ 150ರ ಊಟ ಮಾಡಿದವರು 126 ಕೊಡಲಿ, 500ರದು ತಿಂದವರು 420 ಕೊಡಲಿ. ಸಮ ಭಾಗ ಮಾಡಿದ್ದರೆ ಇಬ್ಬರಿಗೂ 336. ಮಧ್ಯದಲ್ಲಿಟ್ಟು ಹಂಚಿಕೊಂಡ ಗೋಬಿ ಮಂಚೂರಿಯ ಬೆಲೆಯನ್ನು ತಿಂದವರ ನಡುವೆ ಮಾತ್ರ ಭಾಗಿಸಿ, ಆಮೇಲೆ ಗುಣಿಸಿ.

ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ದರೆ ಅದು ತೆರಿಗೆ ಅಲ್ಲ, ಕಡ್ಡಾಯವೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಮರ್ಯಾದೆಯಿಂದ ಕೇಳಿ ತೆಗೆಸಬಹುದು. ಬಡಿಸಿದವರಿಗೆ ಟಿಪ್ಸ್ ಕೊಡೋದು ನಿಮ್ಮ ಇಷ್ಟ.

5. ಆರ್ಡರ್ ಎರಡು ಕಂತಿನಲ್ಲಿ

ಹಸಿದಾಗ ಎಲ್ಲವೂ ಬೇಕು ಅನಿಸುತ್ತೆ, ಕೊನೆಗೆ ಅರ್ಧ ರೋಟಿ ತಟ್ಟೆಯಲ್ಲೇ ಉಳಿಯುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಅದು ಓಪನ್ ಲೂಪ್. ಮೊದಲು ಬೇಕಾದ್ದರಲ್ಲಿ ಮುಕ್ಕಾಲು ಭಾಗ ಹೇಳಿ, ತಿಂದು ನೋಡಿ, ಸಾಲದಿದ್ದರೆ ಮತ್ತೆ ಹೇಳಿ. ಫೀಡ್‌ಬ್ಯಾಕ್ ಇದ್ದರೆ ಊಟವೂ ವೇಸ್ಟ್ ಆಗಲ್ಲ, ಬಿಲ್ಲೂ ಹಾರಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ದುಡ್ಡು ಹೇಗೆ ಹಂಚಿಕೊಳ್ತೀವಿ ಅನ್ನೋದನ್ನು ಆರ್ಡರ್ ಮಾಡೋಕೆ ಮುಂಚೆ ಹೇಳಿ, ಬಿಲ್ ಬಂದ ಮೇಲೆ ಅಲ್ಲ. ಅದನ್ನು ಮೊದಲು ಹೇಳೋದು ಕಿಸೆ ತುಂಬಿದವರ ಕೆಲಸ ಆಗಲಿ. 500 ಇರೋರು "ನಮ್ಮದು ನಾವೇ ಕೊಡೋಣ" ಅಂದ್ರೆ ಅದು ಸಾಮಾನ್ಯ ಮಾತು. ಅದನ್ನೇ 150 ಇರೋರು ಹೇಳಬೇಕು ಅಂದ್ರೆ ತುಂಬಾ ಧೈರ್ಯ ಬೇಕು.